ನಾಲ್ಕನೆಯ ಪೆಟ್ಟು

ಅಂಬಾರಾಯ ಕೋಲನ್ನು ಓಣಿಗೆ ಅಡ್ಡ ಹಿಡಿದು ನಿಂತುಬಿಟ್ಟಿದ್ದ. ಎದುರಿಗೆ ಗುಲ್‌ಬಹಾರ್ ಆರ್ಕೆಸ್ಟ್ರಾದ ಮೆಟಡೋರ್ ಗುರುಗುಡುತ್ತಿತ್ತು. ಡ್ರೈವರ್ ಒಂದು ಸಲ ಹಾರ್ನ್ ಒತ್ತಿದವನು, ಸತ್ತವರ ಮನೆ ಮುಂದೆ ಇದೇನು ಮಾಡಿದೆ ಎಂದು ನಾಲಿಗೆ ಕಚ್ಚಿಕೊಂಡು ಇಂಜಿನ್ನನ್ನೇ ಆರಿಸಿದ.

"ಮಂದಿ ಇಳೀರಿ. ಒಳಗ ಬರ್ರಿ, ಕುಂದ್ರಿ," ಎಂದ ಅಂಬಾರಾಯ. "ಸಾಮಾನು ಇಳಿಸಬ್ಯಾಡ್ರಿ. ನನ್ನ ಮನಿ ಹೆಣದ ಮುಂದ ಯಾವುದೂ ಬಾರಿಸಂಗಿಲ್ಲ."

ಆರ್ಕೆಸ್ಟ್ರಾದ ಯಜಮಾನ ಬಂದೇಅಲಿ ಎದೆಗೆ ಕಟ್ಟಿಕೊಂಡಿದ್ದ ಅಕಾರ್ಡಿಯನ್ನಿನ ಸಮೇತ ಇಳಿದಿದ್ದ. ಅದನ್ನು ಬಿಚ್ಚಬೇಕೋ ಬಿಡಬೇಕೋ ತಿಳಿಯದೆ ಅಲ್ಲೇ ನಿಂತ.

"ಕಾಕಾ, ಸೂರ್ಯಾ ನನ್ನ ತಮ್ಮ ಇದ್ಹಾಂಗ ಇದ್ದ. ಒಂದು ಧುನ್ ಬಾರಿಸದೇ ಹ್ಯಾಂಗ ಕಳಿಸೋದ್ರಿ?"

"ಮಂದಿ ಹ್ಯಾಂಗ ಹೋಗ್ತಾರ, ಹಾಂಗೇ ಹೋಗ್ತಾನ."

ಬಾಗಿಲಿಗೆ ಒರಗಿ ನಿಂತಿದ್ದ ಅನಸುಬಾಯಿಗೆ ಇದೆಲ್ಲ ಕೇಳಿಸುತ್ತಿತ್ತು. ಅವಳ ಬೆನ್ನ ಹಿಂದೆ, ಪಡಸಾಲೆಯ ಶಹಾಬಾದಿ ಕಲ್ಲಿನ ನೆಲದ ಮೇಲೆ, ಅವಳ ಗಂಡ ಸೂರ್ಯಕಾಂತ ಬಿಳಿಯ ಬಟ್ಟೆ ಹೊದ್ದು ಮಲಗಿದ್ದ. ನಿನ್ನೆ ವಾಡಿಯ ಲೋಕೋ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ, ಮತ್ತೆ ಏಳಲಿಲ್ಲ. ವಯಸ್ಸು ಐವತ್ತೂ ಆಗಿರಲಿಲ್ಲ. ರೈಲ್ವೆಯ ಪಾಲಿಗೆ ಅವನೊಬ್ಬ ಫಿಟ್ಟರ್. ಆದರೆ ಸೇಡಮ್ಮಿನಿಂದ ಚಿಂಚೋಳಿಯವರೆಗೆ ಯಾವ ಮದುವೆ ಮನೆಯಲ್ಲಿ, ಯಾವ ಗಣಪತಿ ಪೆಂಡಾಲಿನಲ್ಲಿ ಕೇಳಿದರೂ ಅವನು ಗಿಟಾರ್ ಸೂರ್ಯಾ. ಬೇಸ್ ಗಿಟಾರನ್ನು ಅವನಂತೆ ನುಡಿಸುವವರು ಈ ಕಡೆ ಇರಲಿಲ್ಲ. ಆ ಕಡೆಯೂ ಇರಲಿಲ್ಲ ಎಂದು ಬಂದೇಅಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ, ಆ ಕಡೆ ಎಂದರೆ ಯಾವ ಕಡೆ ಎಂದು ಯಾರೂ ಕೇಳುತ್ತಿರಲಿಲ್ಲ.

ಅನಸುಬಾಯಿಗೆ ಮಾವ ಅಂಬಾರಾಯನ ಮೇಲೆ ಸಿಟ್ಟು ಬರಲಿಲ್ಲ. ಆ ಮುದುಕ ಸಿಟ್ಟಿಗೆ ಅವಕಾಶ ಕೊಟ್ಟವನೇ ಅಲ್ಲ. ಸೊಸೆಯನ್ನು ಒಂದು ದಿನ ಗದರಿದವನಲ್ಲ, ಮಗನಿಗೆ ಗಿಟಾರ್ ಬಿಡು ಎಂದು ಬಾಯಿಬಿಟ್ಟು ಹೇಳಿದವನೂ ಅಲ್ಲ. ಮಗ ಗಿಟಾರಿನ ಚೀಲಕ್ಕೆ ಕೈ ಹಾಕಿದ ಕೂಡಲೇ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಕಲ್ಲುಗಣಿಯ ಕಡೆ ನಡೆದುಬಿಡುತ್ತಿದ್ದ, ಅಷ್ಟೇ. ಮಗನ ಆರ್ಕೆಸ್ಟ್ರಾ ಊರೂರು ತಿರುಗಿ ಹೆಸರು ಮಾಡಿದ ಅಷ್ಟೂ ವರ್ಷ ಒಂದೇ ಸೂರಿನ ಕೆಳಗಿದ್ದೂ ಮಗನ ವಾದ್ಯ ಅವನ ಕಿವಿಗೆ ಬಿದ್ದಿರಲಿಲ್ಲ.

ಇವತ್ತು ಹೊತ್ತು ಇಳಿಯುವುದರೊಳಗೆ ಮಣ್ಣಾಗಬೇಕು. ಮನೆಯಲ್ಲಿ ಸದ್ದಿಲ್ಲದೆ ಬಾಳಿದವನು ಸದ್ದಿಲ್ಲದೆಯೇ ಹೋಗಿಬಿಟ್ಟರೆ ತನ್ನ ಹೊಟ್ಟೆಯಲ್ಲಿ ಆ ಉರಿ ಸಾಯುವವರೆಗೂ ಆರುವುದಿಲ್ಲ ಎಂದು ಅನಸುಬಾಯಿಗೆ ಗೊತ್ತಿತ್ತು. ಮಾವನನ್ನು ಕೇಳಬೇಕು. ಕೇಳುವುದು ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಪಕ್ಕದ ಮನೆಯ ಶಿವಕಾಂತಮ್ಮ ದೊಡ್ಡ ಕೆಟಲಿನಲ್ಲಿ ಚಹಾ ತಂದು ಅಂಗಳದಲ್ಲಿ ಕುಳಿತವರಿಗೆಲ್ಲ ಬಸಿಯಲ್ಲಿ ಹಾಕಿ ಕೊಡುತ್ತಿದ್ದಳು. ಚಿತ್ತಾಪುರಕ್ಕೆ ಕೊಟ್ಟ ಮಗಳು ಇನ್ನೂ ಬರಬೇಕಿತ್ತು. ಗಾಡಿ ವಾಡಿಯಲ್ಲಿ ನಿಂತಿದೆಯೆಂದು ಸುದ್ದಿ ಬಂದಿತ್ತು. ಕಾಯುವವರಿಗೆ ಮಾತು ಬೇಕಲ್ಲ, ಶೆಡ್ಡಿನಲ್ಲಿ ಸೂರ್ಯಕಾಂತನ ಜೊತೆ ಕೆಲಸ ಮಾಡಿದ ಪೀರಪ್ಪ ಬಂದೇಅಲಿಯ ಹತ್ತಿರ ಸರಿದು ಕುಳಿತ.

"ಭಾಯಿ, ಭಾಳ ದಿನದಿಂದ ಕೇಳಬೇಕಂತಿದ್ದೆ. ಎಲ್ಲಾರ ಗಿಟಾರಿಗಿ ಆರು ತಂತಿ ಇರ್ತಾವ. ಸೂರ್ಯಾಂದಕ್ಕ ನಾಕೇ ಯಾಕ?"

"ನೀನೂ ಅದೇ ಕೇಳಿದಿ?" ಬಂದೇಅಲಿ ಅಳುಮುಖದಲ್ಲೇ ನಕ್ಕ. "ಬೇಸ್ ಗಿಟಾರಿಗಿ ಇರೋದೇ ನಾಕು ತಂತಿ. ಚಿಂಚೋಳಿ ಕಡೆ ಒಂದು ಮದುವಿ. ಹುಡುಗಿ ಅಪ್ಪ ದೊಡ್ಡ ದಿಲ್‌ದಾರ್ ಮನುಷ್ಯ. ಮೊದಲನೇ ಸಾಲಿನ್ಯಾಗ ಕುಂತು ಸೂರ್ಯಾನ ಕೈ ನೋಡೇ ನೋಡಿದ. ಹಾಡು ಮುಗದ ಮ್ಯಾಲ ಮೈಕ್ ಇಸಗೊಂಡು ಏನಂದ ಗೊತ್ತೇನು? 'ಈ ಹುಡುಗ ಇಷ್ಟು ಚಂದ ಬಾರಸ್ತಾನ, ಪಾಪ, ಎರಡು ತಂತಿ ಹರಿದು ಹೋಗ್ಯಾವ, ಹಾಕಿಸಿಕೊಳ್ಳೋ ತಾಕತ್ತಿಲ್ಲ.' ಅಂದವನೇ ಭಜನಿ ಮಂದಿ ತಂಬೂರಿಂದು ಎರಡು ತಂತಿ ಬಿಚ್ಚಿಸಿ, ತಾಟಿನ್ಯಾಗ ಅಡಿಕಿ-ಎಲಿ ಮ್ಯಾಲ ಇಟ್ಟು ಆಹೇರ್ ಮಾಡಿದ!"

"ಸೂರ್ಯಾ ಏನಂದ?"

"ಏನಂತಾನ? ಕೈ ಮುಗದು ಇಸಗೊಂಡ. 'ಮುಂದಿನ ಮದುವಿಗಿ ಹಾಕ್ಕೋತೀನ್ರಿ ಯಪ್ಪಾ' ಅಂದ."

ಅಂಗಳದಲ್ಲಿ ನಗೆ ಎದ್ದಿತು. ಶಿವಕಾಂತಮ್ಮ ಕಣ್ಣು ಬಿಟ್ಟಳು, ನಗೆ ತಗ್ಗಿತು. ಒಳಗೆ ಹೆಣದ ತಲೆಯ ಬಳಿ ಬಂದು ಕುಳಿತಿದ್ದ ಅನಸುಬಾಯಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆ ಎರಡು ತಂತಿಗಳನ್ನು ಮನೆಗೆ ತಂದು ತನ್ನ ಕೊರಳಿಗೆ ಹಾಕಲು ಬಂದಿದ್ದನಲ್ಲ ಮಹಾರಾಯ, ಚಿಂಚೋಳಿಯವರು ನಿನಗೆ ಸರ ಕೊಟ್ಟಿದ್ದಾರೆ ಅಂತ.

"ಆದ್ರ ಆ ನಾಕು ತಂತಿ ಮಾಡಿದ ಕೆಲಸ ಯಾರಿಗೂ ಕಾಣಂಗಿಲ್ಲ ಪೀರಪ್ಪ," ಬಂದೇಅಲಿಯ ದನಿ ಈಗ ಬೇರೆಯಾಗಿತ್ತು. "ಮಂದಿ ಹಾಡೋರ ಬಾಯಿ ನೋಡ್ತಾರ. ನನ್ನ ಪೆಟಗಿ ನೋಡ್ತಾರ. ಸೇಡಮ್ಮಿನ್ಯಾಗ ಒಮ್ಮಿ ಹಾಡಿನ ನಡುವ ಸೂರ್ಯಾನ ಆಂಪ್ಲಿಫೈರ್ ಸುಟ್ಟು ಹೋಯ್ತು. ಹಾಡು ನಡದೇ ಇತ್ತು, ಡ್ರಮ್ ನಡದೇ ಇತ್ತು. ಕುಣಿಯೋ ಹುಡುಗರು ಮಾತ್ರ ಗಕ್ಕನ ನಿಂತು ಒಬ್ರ ಮುಖ ಒಬ್ರು ನೋಡ್ಲಿಕತ್ತರು. ಏನು ಕಡಿಮಿ ಆಗ್ಯದ ಅಂತ ಅವರಿಗೂ ತಿಳೀಲಿಲ್ಲ. ಕಾಲಿಗಿ ಅಷ್ಟೇ ತಿಳಿದಿತ್ತು."

ಅಂಗಳದ ಅಂಚಿನಲ್ಲಿ ಕಲ್ಲಿನ ಮೇಲೆ ಕುಳಿತಿದ್ದ ಅಂಬಾರಾಯ ಮುಖ ಆಚೆ ತಿರುಗಿಸಿದ. ಕೋಲು ಇನ್ನೂ ಅವನ ಮೊಣಕಾಲ ಮೇಲೆ ಅಡ್ಡವೇ ಇತ್ತು.

*

ಆ ಕೋಲು ಅಡ್ಡ ಬಿದ್ದದ್ದು ಇವತ್ತಲ್ಲ. ಅನಸುಬಾಯಿ ಈ ಮನೆಗೆ ಸೊಸೆಯಾಗಿ ಬರುವ ಮೊದಲಿನ ಮಾತು ಅದು, ಗಂಡ ಹೇಳಿದ್ದರಿಂದ ಅವಳಿಗೆ ಕಣ್ಣಾರೆ ಕಂಡಷ್ಟು ಸ್ಪಷ್ಟವಾಗಿತ್ತು.

ಆಡಕಿಯ ಆಚೆಗಿನ ಒಂದು ಹಳ್ಳಿ ಅವರದು. ಅಂಬಾರಾಯನ ಹಲಗೆ ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಊರಲ್ಲಿ ಯಾರೇ ಸಾಯಲಿ, ಹೆಣದ ಮುಂದೆ ಅವನು ಬಾರಿಸಬೇಕು. ಹುಲ್ಲಿಗೆ ಬೆಂಕಿ ಹಚ್ಚಿ ಹಲಗೆಯ ಚರ್ಮ ಕಾಯಿಸಿ ಕೊಡುವುದು ಮಗ ಸೂರ್ಯಕಾಂತನ ಕೆಲಸ. ಹೆಣ ನಡೆಯುವಾಗಿನ ಬಡಿತವೇ ಬೇರೆ. ಅದು ಕುಣಿಸುವ ಬಡಿತವಲ್ಲ. ಹೊತ್ತವರ ಹೆಜ್ಜೆ ಒಂದಾಗಿ ಬೀಳುವಂತೆ, ಭಾರ ಒಬ್ಬನ ಹೆಗಲಿಗೇ ವಾಲದಂತೆ ನಡೆಸಿಕೊಂಡು ಹೋಗುವ ಬಡಿತ. ಅಂಬಾರಾಯ ಮುಂದೆ ನಡೆದರೆ ಕಲ್ಲು-ಮುಳ್ಳಿನ ದಾರಿಯಲ್ಲೂ ಹೆಣ ಅಲುಗುತ್ತಿರಲಿಲ್ಲ ಎನ್ನುತ್ತಿದ್ದರು. ಇಷ್ಟು ಹೊಗಳುತ್ತಿದ್ದ ಊರು ಮಣ್ಣು ಮುಗಿದ ಮೇಲೆ ಅವನನ್ನು ಬಿಸಿಲಲ್ಲಿ ದೂರ ನಿಲ್ಲಿಸಿ, ಮುತ್ತುಗದ ಎಲೆಗೆ ಮೇಲಿನಿಂದ ರೊಟ್ಟಿ ಎಸೆಯುತ್ತಿತ್ತು.

ನಾಗಪುರದಿಂದ ಬೌದ್ಧ ಧಮ್ಮದೀಕ್ಷೆಯ ಸುದ್ದಿ ಬಂದ ಮರುವರ್ಷ ಕೇರಿಯ ನಾಲ್ಕಾರು ಮನೆಯವರು ತಾವೂ ದೀಕ್ಷೆ ತೆಗೆದುಕೊಂಡರು. ಅಂಬಾರಾಯ ಹಲಗೆಯ ಚರ್ಮ ಸೀಳಿ ಒಲೆಗೆ ಹಾಕಿದ. ಸ್ವಲ್ಪ ದಿನಕ್ಕೇ ಊರ ಗೌಡ ತೀರಿಕೊಂಡ. ಗೌಡರ ಮನೆಯ ಆಳು ಬಂದು ಬಾಗಿಲಲ್ಲಿ ನಿಂತು ಕೂಗಿದ:

"ಲೇ ಅಂಬ್ಯಾ, ಗೌಡ್ರು ಹೋದ್ರು. ಹಲಗಿ ತಗೊಂಡು ಜಲ್ದಿ ಬಾ."

"ಹಲಗಿ ಸುಟ್ಟೀನಿ."

"ಇನ್ನೊಂದು ತರಸ್ತಾರಂತ, ನಡಿ."

"ಹಲಗಿ ಸಿಗಬಹುದು," ಎಂದ ಅಂಬಾರಾಯ. "ಕೈ ಸಿಗಂಗಿಲ್ಲ."

ಹಲಗೆಯಿಲ್ಲದೆ ಗೌಡರ ಹೆಣ ನಡೆಯಿತು. ಅಂದಿನಿಂದ ಕೇರಿಯ ಆ ಮನೆಗೆ ಹೊಲದಲ್ಲಿ ಕೂಲಿಯಿಲ್ಲ, ಅಂಗಡಿಯಲ್ಲಿ ಉಪ್ಪಿಲ್ಲ. ಗಂಟು ಕಟ್ಟಿಕೊಂಡು ಶಹಾಬಾದಿಗೆ ಬಂದ ಅಂಬಾರಾಯ ಕಲ್ಲುಗಣಿ ಸೇರಿದ. ಊರು ಬಿಡುವ ದಿನ ಮಗನಿಗೆ ಒಂದೇ ಮಾತು ಹೇಳಿದ: ಇನ್ನು ಮೇಲೆ ಈ ಮನೆಯವರು ಇನ್ನೊಬ್ಬರು ಹೇಳಿದರು ಅಂತ ಏನನ್ನೂ ಬಾರಿಸುವುದಿಲ್ಲ.

ಮಗ ಹೂಂ ಎಂದಿದ್ದ. ಆಗ ಅವನಿಗೆ ಹದಿನೇಳು ವರ್ಷ, ಮೀಸೆ ಮೂಡುತ್ತಿತ್ತು. ಕೈಯಲ್ಲಿ ಅಪ್ಪನ ಬಡಿತ ಆಗಲೇ ಕುಳಿತುಬಿಟ್ಟಿತ್ತು, ಅದನ್ನು ಒಲೆಗೆ ಹಾಕುವುದು ಯಾರಿಂದಲೂ ಆಗುವ ಕೆಲಸವಲ್ಲ.

ಮುಂದೆ ವಾಡಿಯಲ್ಲಿ ಖಲಾಸಿಯಾಗಿ ಸೇರಿದಾಗ ಅಲ್ಲಿಯ ರೈಲ್ವೆ ಇನ್‌ಸ್ಟಿಟ್ಯೂಟಿನ ಕ್ರಿಸ್‌ಮಸ್ ಬ್ಯಾಂಡಿನಲ್ಲಿ ಒಬ್ಬ ಆಂಗ್ಲೋ-ಇಂಡಿಯನ್ ಗಾರ್ಡ್ ಸಾಹೇಬ ದಪ್ಪ ತಂತಿಯ ಗಿಟಾರ್ ನುಡಿಸುತ್ತಿದ್ದ. ಕುರ್ಚಿ ಜೋಡಿಸಲು ಹೋದ ಸೂರ್ಯಕಾಂತ ಯಾರೂ ಇಲ್ಲದಾಗ ಆ ತಂತಿಯನ್ನು ಒಮ್ಮೆ ಮಿಡಿದು ನೋಡಿದ. "ಸದ್ದು ಕಿವಿಗಿ ಬರಲಿಲ್ಲ ಅನಸು, ಸೀದಾ ಎದಿಗಿ ಬಂತು," ಎಂದು ಅವನು ಮದುವೆಯಾದ ಹೊಸದರಲ್ಲಿ ಅವಳಿಗೆ ಹೇಳಿದ್ದ. "ಅಪ್ಪನ ಹಲಗಿ ಎಲ್ಲೂ ಹೋಗಿಲ್ಲ, ಇದರಾಗ ಕುಂತದ ಅನ್ನಿಸ್ತು." ಗಾರ್ಡ್ ಸಾಹೇಬ ಆಸ್ಟ್ರೇಲಿಯಾಕ್ಕೆ ಹೋಗುವ ಮುನ್ನ, ತನ್ನ ಹತ್ತಿರ ಕಲಿತು ತನ್ನನ್ನೇ ಮೀರಿಸಿದ ಈ ಖಲಾಸಿಗೆ ಗಿಟಾರನ್ನು ಕೊಟ್ಟು ಬೆನ್ನು ತಟ್ಟಿ ಹೋಗಿದ್ದ.

ಕರೆಂಟು ಕೊಡದಿದ್ದರೆ ಆ ಗಿಟಾರಿಗೆ ಬಾಯಿಯೇ ಇಲ್ಲ. ಮನೆಯಲ್ಲಿ ಸೂರ್ಯಕಾಂತ ಅದಕ್ಕೆ ಎಂದೂ ಕರೆಂಟು ಕೊಡಲಿಲ್ಲ. ಆಚೆ ಕೋಣೆಯಲ್ಲಿ ಅಪ್ಪ, ಈಚೆ ಕೋಣೆಯಲ್ಲಿ ಮಗ. ಬೆರಳು ತಂತಿಯ ಮೇಲೆ ಓಡುತ್ತಿದ್ದವು, ಹಣೆಯಲ್ಲಿ ಬೆವರು ಬರುತ್ತಿತ್ತು, ಸದ್ದು ಮಾತ್ರ ಇಲ್ಲ. ಅನಸುಬಾಯಿ ಗಿಟಾರಿನ ಮರಕ್ಕೆ ಕೆನ್ನೆ ಒತ್ತಿ ಕುಳಿತರೆ ಒಳಗಿನ ನಡುಕ ಹಲ್ಲಿನವರೆಗೂ ತಿಳಿಯುತ್ತಿತ್ತು. ಎಷ್ಟೋ ಹಾಡುಗಳನ್ನು ಅವಳು ಹಾಗೆ ಕೆನ್ನೆಯಿಂದಲೇ ಕೇಳಿದ್ದಳು.

*

ಸೂರ್ಯಕಾಂತ ಮುಂಬೈಗೆ ಹೋಗಿ ಬಂದ ಕತೆ ಅಂಗಳದಲ್ಲಿ ಕುಳಿತ ಬಂದೇಅಲಿಗೆ ಅರ್ಧ ಗೊತ್ತಿತ್ತು, ಉಳಿದರ್ಧ ಅನಸುಬಾಯಿಗೆ ಮಾತ್ರ ಗೊತ್ತಿತ್ತು.

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ವರ್ಷ ಅದು. ಕಲಬುರಗಿಗೆ ಬಂದ ಒಂದು ದೊಡ್ಡ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವವನಿಗೆ ಜ್ವರ ಬಂದು, ಯಾರೋ ಸೂರ್ಯಕಾಂತನ ಹೆಸರು ಹೇಳಿ, ಅವನು ಹೋಗಿ ಕುಳಿತ. ಹಾಡುಗಳನ್ನು ಒಂದೊಂದೇ ಸಲ ಕೇಳಿ ಇಡೀ ಕಾರ್ಯಕ್ರಮ ನುಡಿಸಿದ. ಅವರು ಅವನನ್ನು ಹಾಗೇ ಮುಂಬೈಗೆ ಕರೆದುಕೊಂಡು ಹೋದರು. ಸಿನೆಮಾ ಹಾಡು ಮುದ್ರಿಸುವ ಸ್ಟುಡಿಯೋ, ಸಾಲು ಸಾಲು ಪಿಟೀಲು, ಎಲ್ಲರ ಮುಂದೆಯೂ ಸ್ವರ ಬರೆದ ಕಾಗದ. ಸೂರ್ಯಕಾಂತನ ಮುಂದಿನ ಕಾಗದ ಅವನಿಗೆ ಇರುವೆ ಸಾಲು ಕಂಡಂತೆ ಕಂಡಿತು. ಕಣ್ಣು ಮುಚ್ಚಿ ಕೇಳಿ, ಕಣ್ಣು ಮುಚ್ಚಿಯೇ ನುಡಿಸಿದ.

ವಾದ್ಯಮೇಳ ನಡೆಸುತ್ತಿದ್ದ ಹಿರಿಯನೊಬ್ಬ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಬೇಸ್‌ನ ನಾಲ್ಕನೆಯ ಪೆಟ್ಟು ತಡವಾಗಿ ಬೀಳುತ್ತಿದೆ ಎಂದ. ಸೂರ್ಯಕಾಂತ ತಿದ್ದಿಕೊಂಡು ಸರಿಯಾಗಿ ನುಡಿಸಿದ. ಹಾಡು ಸರಿಯಾಯಿತು, ಆದರೆ ಸಪ್ಪೆಯಾಯಿತು. ಆ ಹಿರಿಯನೇ, ಮೊದಲಿನಂತೆ ನುಡಿಸು ಎಂದ. ಮುಗಿದ ಮೇಲೆ ಎದ್ದು ಬಂದು ಅವನ ಬೆರಳು ಹಿಡಿದು ನೋಡಿದ. ಇಂಥ ತಡ ಯಾವ ಉಸ್ತಾದನೂ ಕಲಿಸಲಾರ, ಎಲ್ಲಿಂದ ತಂದೆ ಇದನ್ನು ಎಂದು ಕೇಳಿದ. ಇಲ್ಲೇ ಇದ್ದುಬಿಡು, ವರ್ಷವೆಲ್ಲ ಕೆಲಸ ಕೊಡುತ್ತೇನೆ ಎಂದ.

ಇಲ್ಲಿಯವರೆಗಿನದನ್ನು ಬಂದೇಅಲಿ ಕೈ ಬಾಯಿ ತಿರುಗಿಸಿ ಹೇಳಬಲ್ಲ. ಅಲ್ಲಿಂದ ಸೂರ್ಯಕಾಂತ ಯಾಕೆ ತಿರುಗಿ ಬಂದ ಎಂದು ಕೇಳಿದರೆ, "ಅವನಿಗಿ ನಮ್ಮ ಜೋಳದ ರೊಟ್ಟಿ ಬಿಟ್ಟು ಇರ್ಲಿಕ್ಕ ಆಗಲಿಲ್ಲ" ಎಂದು ಮುಗಿಸುತ್ತಿದ್ದ.

ರೊಟ್ಟಿಯಲ್ಲ. ಬೆಳಗಿನ ಗಾಡಿಗೆ ಬಂದಿಳಿದವನು ಗಿಟಾರನ್ನು ಗೋಡೆಗೆ ಆನಿಸಿ ಅಡುಗೆಮನೆಯಲ್ಲಿ ಅವಳೆದುರು ಕುಳಿತಿದ್ದ.

"ಎಲ್ಲಿಂದ ತಂದಿ ಅಂತ ಕೇಳಿದ್ರು ಅನಸು. ನಮ್ಮಪ್ಪಂದು ಅಂತ ಹೇಳಬೇಕಿತ್ತು. ಬಾಯಿಗಿ ಬರಲಿಲ್ಲ."

"ಯಾಕ?"

"ಅವ ಸುಟ್ಟು ಹಾಕಿದ್ದು ಅದು. ಅದನ್ನ ನಾನು ಅವನಿಗಿ ಒಂದು ಮಾತು ಕೇಳದೇ ಮುಂಬೈದಾಗ ಕೊಟ್ಟು ಅನ್ನ ಉಣ್ಣಲೇನು?"

"ಹಂಗಾದ್ರ ಕೇಳ್ರಿ. ಆಚಿ ಖೋಲ್ಯಾಗೇ ಕುಂತಾರ."

"ಕೇಳ್ತೀನಿ."

ಕೇಳಲಿಲ್ಲ. ಆ ವರ್ಷ ಕೇಳಲಿಲ್ಲ, ಮುಂದಿನ ವರ್ಷವೂ ಕೇಳಲಿಲ್ಲ. ಅಪ್ಪ ಮಗ ಇಬ್ಬರೂ ಒಂದೇ ತಾಟಿನ ಮುಂದೆ ಕುಳಿತು ಊಟ ಮಾಡುವರು, ಮಳೆ ಬಂದೀತೇ ಎಂದು ಮಾತಾಡುವರು, ಏಳುವರು. ಮುಂಬೈಯಿಂದ ಎರಡು ಸಲ ಕರೆ ಬಂದು ನಿಂತಿತು. ಸೂರ್ಯಕಾಂತ ಶೆಡ್ಡಿನಲ್ಲಿ ಇಂಜಿನ್ ಬಿಚ್ಚುತ್ತ, ಶನಿವಾರ-ಭಾನುವಾರ ಗುಲ್‌ಬಹಾರಿನಲ್ಲಿ ಊರೂರು ತಿರುಗುತ್ತ ಇದ್ದುಬಿಟ್ಟ. ಸಂಕಟಪಟ್ಟ ಎಂದು ಹೇಳಲಾಗದು. ಸ್ಟೇಜಿನ ಮೇಲೆ ಅವನ ಮುಖ ನೋಡಿದವರು ಯಾರೂ ಅವನನ್ನು ದುಃಖಿ ಎನ್ನಲಾರರು.

*

ಮಗಳು ಬಂದಳು. ಅಪ್ಪನ ಪಾದ ಹಿಡಿದು ಅತ್ತಳು. ಕೇರಿಯ ಹಿರಿಯರೊಬ್ಬರು ಪಂಚಶೀಲ ಹೇಳಿಸಿದರು, ಎಲ್ಲರೂ ಕೈ ಮುಗಿದು ಅಂದರು. ಚಟ್ಟಕ್ಕೆ ಬಿಳಿಯ ಹೂವಿನ ಮಾಲೆ ಬಿದ್ದಿತು. ಇನ್ನು ಎತ್ತುವುದೊಂದೇ ಉಳಿದಿತ್ತು.

ಅನಸುಬಾಯಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳ ದಾಟಿ ಮಾವನೆದುರು ನಿಂತಳು. ಇಷ್ಟು ಜನರ ಮುಂದೆ ಅವಳು ಅವನಿಗೆ ಎದುರು ನಿಂತು ಮಾತಾಡಿದ್ದೇ ಇಲ್ಲ.

"ಮಾವಾ, ನಿಮ್ಮ ಮಗ ನಿಮಗೊಂದು ಮಾತು ಕೇಳಬೇಕಂತಿದ್ರು. ಕೇಳದೇ ಹೋಗ್ಯಾರ. ಈಗ ನಾ ಕೇಳಾಕತ್ತೀನ್ರಿ."

ಮುದುಕ ತಲೆ ಎತ್ತಿದ.

"ಅವರು ಗಿಟಾರಿನ್ಯಾಗ ಬಾರಸ್ತಿದ್ದದ್ದು ನಿಮ್ಮದು. ಹೆಣ ಹೊತ್ತವರನ್ನ ನಡಸೋ ನಿಮ್ಮ ಬಡಿತ."

"ನಂದು?" ಅಂಬಾರಾಯನ ಕೈ ಕೋಲಿನ ಮೇಲೆ ಬಿಗಿಯಿತು. "ನಾ ಅದನ್ನ ಒಲಿಗಿ ಹಾಕೀನಿ."

"ಚರ್ಮ ಒಲಿಗಿ ಹಾಕೀರಿ. ಬಡಿತ ಅವರ ಕೈಯಾಗೇ ಇತ್ತು. ಅದಕ್ಕೇ ಮುಂಬೈ ಮಂದಿ ಅವರ ಬೆರಳು ಹಿಡಿದು ನೋಡಿದ್ರು. ನಿಮಗ ಕೇಳದೇ ಅದನ್ನ ಅಲ್ಲಿ ಕೊಡಬಾರದು ಅಂತ ತಿರುಗಿ ಬಂದ್ರು. ನಿಮ್ಮ ಮನಿ ಒಳಗ ಇಷ್ಟು ವರ್ಷ ಸದ್ದಿಲ್ದೇ ಬಾರಿಸ್ಯಾರ, ಮಾವಾ. ಇವತ್ತೊಂದಿನ ಸದ್ದು ಆಗ್ಲಿ. ಆಮ್ಯಾಲ ಹ್ಯಾಂಗೂ ಇರಂಗಿಲ್ಲ."

ಅಂಬಾರಾಯ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ.

"ಆ ಬಡಿತಕ್ಕ ನಾ ಏನೇನು ಉಂಡೀನಿ ನಿನಗ ಗೊತ್ತಿಲ್ಲ ತಾಯಿ," ಎಂದ. "ಇರ್ಲಿ. ನೀ ಅಂತಿ ಅಂತ ಇಟಗೋ. ಬಾರಸೋರ್ಯಾರು? ನಮ್ಮವರು ಯಾರೂ ಮುಟ್ಟಂಗಿಲ್ಲ. ಮುಟ್ಟಲಿಕ್ಕ ನಾ ಬಿಡಂಗಿಲ್ಲ."

"ನಾ ಬಾರಸ್ತೀನ್ರಿ, ಕಾಕಾ."

ಮೆಟಡೋರಿನ ಹಿಂದಿನಿಂದ ಒಬ್ಬ ಇಳಿದು ಬಂದ. ನಲವತ್ತರ ಆಸುಪಾಸಿನ ಆಳು, ಉದ್ದ ಮೂಗು, ಕೊರಳಲ್ಲಿ ಪಟ್ಟಿಯಿಂದ ಇಳಿಬಿದ್ದ ಡ್ರಮ್. ಬೆಳಗಿನಿಂದ ಅವನು ಗಾಡಿಯೊಳಗೇ ಕುಳಿತದ್ದು ಅನಸುಬಾಯಿಗೆ ಗೊತ್ತಿತ್ತು, ಇಳಿಯದಿದ್ದರೆ ಸಾಕೆಂದು ಅಂದುಕೊಂಡಿದ್ದಳು.

ಅಂಬಾರಾಯ ಆ ಮೂಗನ್ನೇ ನೋಡಿದ.

"ಯಾರ ಪೈಕಿ ನೀ?"

"ಚಂದ್ರಾಮಪ್ಪ ಅಂತ್ರಿ. ನಿಮ್ಮ ಊರಿನವನೇ. ಗೌಡರ ಮೊಮ್ಮಗ."

ಯಾರೋ "ಅಯ್ಯಯ್ಯ" ಎಂದರು. ಶಿವಕಾಂತಮ್ಮನ ಕೆಟಲು ನೆಲಕ್ಕೆ ತಾಗಿತು.

"ಇಲ್ಲಿ ಸಿಮೆಂಟ್ ಫ್ಯಾಕ್ಟರಿದಾಗ ಕಾರಕೂನ ಇದ್ದೀನಿ," ಎಂದ ಚಂದ್ರಾಮಪ್ಪ. "ಡ್ರಮ್ಮಿನ ಹುಚ್ಚಿಗಿ ಗುಲ್‌ಬಹಾರ್ ಸೇರಿದೆ. ಗೌಡರ ಮನ್ಯಾಗ ಹುಟ್ಟಿ ಬಾರಸ್ಲಿಕ್ಕ ಹೋಗ್ತಾನ ಅಂತ ಮನ್ಯಾಗ ನನಗ ಮಾತು ಬಿಟ್ಟಾರ. ಸೂರ್ಯಾ ಮೊದಲನೇ ದಿನಾನೇ ನನ್ನ ಗುರ್ತು ಹಿಡದ. ಹಿಡದೂ ಏನೂ ಅನ್ಲಿಲ್ಲ. 'ನಿನ್ನ ಕೈ ಓಡ್ತದ, ನಡ್ಯಂಗಿಲ್ಲ' ಅಂದು ಒಂದು ಬಡಿತ ಹೇಳಿಕೊಟ್ಟ. ಎಲ್ಲಿದೋ ಇದು ಅಂತ ಕೇಳಿದೆ. 'ನಿಮ್ಮ ಮನಿ ಮುಂದಿಂದು' ಅಂದ. ಅಂದಿನಿಂದ ಅವನ ಬೆರಳು ನೋಡ್ಕೋತನೇ ಬಾರಿಸೀನ್ರಿ."

"ಈಗ ನಿನಗ ಯಾರು ಹೇಳಿ ಕಳಿಸ್ಯಾರ?"

"ಯಾರೂ ಇಲ್ರಿ."

"ಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ಡ್ರಮ್ಮು ಗಾಡ್ಯಾಗಿಟ್ಟು ಹೆಗಲು ಕೊಡ್ತೀನಿ. ಹೂಂ ಅಂದ್ರ ಬಾರಸ್ತೀನಿ."

ಅಂಬಾರಾಯ ಕೋಲೂರಿ ಎದ್ದ. "ಒಳಗ ಬಾ," ಎಂದ. "ಬಾರಸೋನನ್ನ ಬಿಸಲಾಗ ನಿಂದ್ರಸೋ ರೂಢಿ ನಮ್ಮ ಮನ್ಯಾಗಿಲ್ಲ."

ಪಡಸಾಲೆಯ ಹೊರಸಿನ ಮೇಲೆ ತನ್ನ ಟವೆಲ್ ಹಾಸಿ ಅವನನ್ನು ಕೂರಿಸಿದ. ಶಿವಕಾಂತಮ್ಮನ ಕೈಯಿಂದ ಕೆಟಲು ತೆಗೆದುಕೊಂಡು ಬಸಿಗೆ ತಾನೇ ಚಹಾ ಹಾಕಿದ.

"ನಮ್ಮ ಮನ್ಯಾಗ ಚಾ ಕುಡೀತಿ?"

"ಈ ಮನಿದು ಭಾಳ ಸಲ ಕುಡಿದೀನ್ರಿ ಕಾಕಾ," ಚಂದ್ರಾಮಪ್ಪ ನಾಚಿಕೆಯಿಂದ ತಲೆ ತಗ್ಗಿಸಿದ. "ನೀವು ಗಣಿ ಕಡಿ ಹೋದಾಗ."

ಮುದುಕ ಸೊಸೆಯ ಕಡೆ ತಿರುಗಿ ನೋಡಿದ. ಅನಸುಬಾಯಿ ನೆಲ ನೋಡಿದಳು.

"ನನ್ನ ಮನ್ಯಾಗ ನನಗ ಗೊತ್ತಿಲ್ದಾಂಗ ಭಾಳ ನಡದದ ಅನ್ನು," ಎಂದ ಅಂಬಾರಾಯ. ಆ ದಿನ ಮೊದಲ ಬಾರಿಗೆ ಅವನ ಕಣ್ಣಲ್ಲಿ ನೀರು ಬಂದಿತು.

*

ಚಟ್ಟ ಎದ್ದಿತು. ಪೀರಪ್ಪನೂ ಶೆಡ್ಡಿನವರೂ ಹೆಗಲು ಕೊಟ್ಟರು. ಮುಂದೆ ಬಂದೇಅಲಿ ಅಕಾರ್ಡಿಯನ್ನಿನಲ್ಲಿ ಒಂದೇ ಒಂದು ತಗ್ಗಿನ ಸ್ವರ ಹಿಡಿದು ನಡೆದ. ಅವನ ಪಕ್ಕದಲ್ಲಿ ಚಂದ್ರಾಮಪ್ಪ ಬಾರಿಸತೊಡಗಿದ. ಒಂದು, ಎರಡು, ಮೂರು. ಆಮೇಲೆ ಒಂದು ಉಸಿರಿನಷ್ಟು ಬಿಟ್ಟು, ನಾಲ್ಕನೆಯದು. ಓಣಿಯ ಜನ ಮಾಳಿಗೆಯ ಮೇಲೆ ನಿಂತು ನೋಡಿದರು. ಗೌಡರ ಮನೆಯವನೊಬ್ಬ ತಮ್ಮ ಕೇರಿಯ ಹೆಣದ ಮುಂದೆ ಬಾರಿಸಿಕೊಂಡು ಹೋಗುವುದನ್ನು ಅವರಲ್ಲಿ ಯಾರೂ ಎಲ್ಲಿಯೂ ಕಂಡಿರಲಿಲ್ಲ.

ಚಟ್ಟದ ಹಿಂದೆ ಮಗಳ ಕೈ ಹಿಡಿದು ನಡೆಯುತ್ತಿದ್ದ ಅನಸುಬಾಯಿಗೆ ಆ ಬಡಿತ ಕೆನ್ನೆಯಲ್ಲಿ ಗೊತ್ತಾಯಿತು. ಇಷ್ಟು ವರ್ಷ ಗಿಟಾರಿನ ಮರಕ್ಕೆ ಕೆನ್ನೆ ಒತ್ತಿ ಕೇಳಿದ್ದು ಈಗ ಬಯಲಲ್ಲಿ, ಬಿಸಿಲಲ್ಲಿ, ಎಲ್ಲರಿಗೂ ಕೇಳುತ್ತಿತ್ತು. ಅವಳು ದನಿ ತೆಗೆದು ಅತ್ತಳು.

ಗಣಿಯ ತಿರುವಿನಲ್ಲಿ ಅಂಬಾರಾಯ ಕೋಲು ಮೇಲೆತ್ತಿದ. ಬಡಿತ ನಿಂತಿತು. ಹೊತ್ತವರೂ ನಿಂತರು.

"ತಪ್ಪು," ಎಂದ ಅಂಬಾರಾಯ.

ಎಲ್ಲ ಮುಗಿಯುವ ಹೊತ್ತಿಗೆ ಮುದುಕ ಮನಸ್ಸು ಬದಲಿಸಿದ ಎಂದು ಅನಸುಬಾಯಿ ಅಂದುಕೊಂಡಳು.

"ನಾಕನೇ ಪೆಟ್ಟು ತಡಾ ಬೀಳಾಕತ್ತದ," ಅಂಬಾರಾಯ ಚಂದ್ರಾಮಪ್ಪನ ಹತ್ತಿರ ಬಂದು ಹೇಳಿದ. "ಹೊತ್ತವರ ಕಾಲು ಗಾಳ್ಯಾಗೇ ನಿಲ್ತದ. ನಾ ಹಿಂಗ ಯಾವತ್ತೂ ಬಾರಿಸಿಲ್ಲ."

"ಸೂರ್ಯಾ ಹಿಂಗೇ ಹೇಳಿಕೊಟ್ಟಾನ್ರಿ. ಗಿಟಾರಿನ್ಯಾಗೂ ಹಿಂಗೇ ಬಾರಸ್ತಿದ್ದ. ಎಲ್ಲಾರೂ ಇದಕ್ಕೇ ವಾಹ್ವಾ ಅಂತಿದ್ರು."

ಅಂಬಾರಾಯ ತಿರುಗಿ ಮಗನ ಮುಖ ನೋಡಿದ. ಅನಸುಬಾಯಿಗೆ ಆಗ ಹೊಳೆಯಿತು. ಮುಂಬೈಯ ದೊಡ್ಡವರು ಬೆರಳು ಹಿಡಿದು ನೋಡಿದ್ದು ಒಂದು ತಪ್ಪನ್ನು. ಹಲಗೆ ಕಾಯಿಸುತ್ತ ಕಾಯಿಸುತ್ತ ಹುಡುಗ ತಾನೇ ಕೇಳಿ ಅರ್ಧ ಕಲಿತಿದ್ದ, ತಿದ್ದಿ ಹೇಳುವ ಮೊದಲೇ ಅಪ್ಪ ಹಲಗೆಯನ್ನು ಒಲೆಗೆ ಹಾಕಿದ್ದ.

"ತಿದ್ದಿ ಬಾರಸಲೇನ್ರಿ, ಕಾಕಾ?" ಎಂದು ಕೇಳಿದ ಚಂದ್ರಾಮಪ್ಪ.

ಅಂಬಾರಾಯ ಮಗನ ಹಣೆಯ ಮೇಲೆ ಬಿದ್ದಿದ್ದ ಹೂವಿನ ಎಸಳನ್ನು ಬೆರಳಿಂದ ಸರಿಸಿದ.

"ಬ್ಯಾಡ," ಎಂದ. "ಅವ ಬಾರಿಸಿದ್ಹಾಂಗೇ ಬಾರಿಸು."

ಚಂದ್ರಾಮಪ್ಪ ಮತ್ತೆ ಶುರುಮಾಡಿದ. ಚಟ್ಟ ಮುಂದೆ ಸಾಗಿತು. ಅಂಬಾರಾಯ ಈಗ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಮಗನ ಪಕ್ಕದಲ್ಲೇ ನಡೆಯುತ್ತಿದ್ದ. ಮೂರು ಪೆಟ್ಟಿಗೆ ಮೂರು ಹೆಜ್ಜೆ ಇಟ್ಟು, ನಾಲ್ಕನೆಯದಕ್ಕೆ ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ಹಿಡಿದು ಕಾದು, ಪೆಟ್ಟು ಬಿದ್ದ ಮೇಲೆ ಸುಣ್ಣಗಲ್ಲಿನ ಬಿಳಿ ಧೂಳಿನಲ್ಲಿ ಊರಿದ.